ಒಂದೇ ಸೂರು, ಬೇರೆ ಬೇರೆ ಬಾಗಿಲು

ನಮ್ಮ ಮನೆಯಲ್ಲಿ ಈಗ ಒಂದು ನಾಯಿ, ಎರಡು ಬೆಕ್ಕು, ಒಂದು ಜೋಡಿ ಕಾಕಟೀಲ್ ಹಕ್ಕಿ, ಒಂದು ಅಕ್ವೇರಿಯಂ ಇವೆ. ಏಳು ವರ್ಷದಿಂದ ಯಾರಿಂದಲೂ ಯಾರಿಗೂ ಒಂದು ಗೀರು ಕೂಡ ಆಗಿಲ್ಲ. ಅದಕ್ಕೂ ಮೊದಲು ಒಂದು ಮೊಲ ಇತ್ತು, ಬೆಳ್ಳಿ ಅಂತ. ನಮ್ಮ ಮುಧೋಳ ಬೆರಕೆ ನಾಯಿ ಕೆಂಚನ ಹೊಟ್ಟೆಗೆ ಒತ್ತಿಕೊಂಡೇ ಎಂಟು ತಿಂಗಳು ಮಲಗಿತ್ತು. "ಅಣ್ಣ-ತಂಗಿ ಇದ್ದ ಹಾಗಿದಾವೆ ನೋಡಿ" ಎಂದು ಅಮ್ಮ ಬಂದವರಿಗೆಲ್ಲ ತೋರಿಸುತ್ತಿದ್ದರು. ದೀಪಾವಳಿಯ ರಾತ್ರಿ ಬೀದಿಯಲ್ಲಿ ಆಟಂಬಾಂಬ್ ಸಿಡಿಯಿತು. ಬೆದರಿದ ಬೆಳ್ಳಿ ಪಡಸಾಲೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡಿತು. ಕೆಂಚ ಎದ್ದ. ನಾನು "ಏಯ್" ಅನ್ನುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬೆಳ್ಳಿಯನ್ನು ತಂದು ನನ್ನ ಕಾಲ ಬಳಿ ಇಟ್ಟು, ಬಾಲ ಆಡಿಸುತ್ತ ನಿಂತ.

ತಪ್ಪು ಅವನದಲ್ಲ, ನನ್ನದು. ಅಂದಿನಿಂದ ಪಶುವೈದ್ಯರನ್ನು ಕೇಳಿ, ಓದಿ, ಮನೆಯಲ್ಲಿ ಮಾಡಿ ನೋಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಬೇರೆ ಜಾತಿಯ ಪ್ರಾಣಿಗಳನ್ನು ಒಂದೇ ಮನೆಯಲ್ಲಿ ಸಾಕುವವರು ಇಷ್ಟನ್ನಾದರೂ ತಿಳಿದಿರಬೇಕು.

1. ಗೆಳೆತನವನ್ನು ಗುರಿ ಮಾಡಿಕೊಳ್ಳಬೇಡಿ

ಬೆಕ್ಕಿನ ತಲೆಯ ಮೇಲೆ ಹಕ್ಕಿ ಕೂತ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತದೆ. ಆ ಇಪ್ಪತ್ತು ಸೆಕೆಂಡಿನ ಆಚೆ ಏನಾಯಿತು ಎನ್ನುವುದು ಅದರಲ್ಲಿ ಇರುವುದಿಲ್ಲ. ನೀವು ಇಟ್ಟುಕೊಳ್ಳಬೇಕಾದ ಗುರಿ ಬೇರೆ: ಪ್ರತಿ ಪ್ರಾಣಿಯೂ ಹೆದರಿಕೆಯಿಲ್ಲದೆ ತಿನ್ನಬೇಕು, ನಿದ್ದೆ ಮಾಡಬೇಕು, ಓಡಾಡಬೇಕು. ಅವು ಒಂದರ ಮುಖ ಒಂದು ನೋಡದೆ ಬದುಕಿದರೂ ನೀವು ಗೆದ್ದ ಹಾಗೆಯೇ.

ಇನ್ನೊಂದು ಮಾತು. ನಾಯಿಯ ಪಕ್ಕದಲ್ಲಿ ಅಲುಗಾಡದೆ ಕೂತ ಮೊಲ ನೆಮ್ಮದಿಯಾಗಿದೆ ಎಂದುಕೊಳ್ಳಬೇಡಿ. ಕಣ್ಣು ಅಗಲವಾಗಿ, ಕಿವಿ ಬೆನ್ನಿಗಂಟಿ, ಮೈ ನೆಲಕ್ಕೆ ಒತ್ತಿಕೊಂಡಿದ್ದರೆ ಅದು ಭಯದಿಂದ ಕಲ್ಲಾಗಿದೆ. ಬೇಟೆಗೆ ಬಲಿಯಾಗುವ ಪ್ರಾಣಿಗಳು ಓಡಲು ದಾರಿಯಿಲ್ಲದಾಗ ಮಾಡುವುದೇ ಇದು. ಹೀಗೆ ಹೆದರಿದ ಮೊಲ ತಿನ್ನುವುದನ್ನು ಬಿಡುತ್ತದೆ, ಮೊಲ ತಿನ್ನುವುದು ಬಿಟ್ಟರೆ ಕರುಳು ಚಲನೆ ನಿಲ್ಲಿಸುತ್ತದೆ. ಹನ್ನೆರಡು ಗಂಟೆ ಏನೂ ತಿನ್ನದ, ಹಿಕ್ಕೆ ಹಾಕದ ಮೊಲವನ್ನು ತಕ್ಷಣ ವೈದ್ಯರ ಬಳಿ ಒಯ್ಯಬೇಕು. ಹಲ್ಲು ತಾಗದೆಯೂ ನಾಯಿ ಮೊಲವನ್ನು ಕೊಲ್ಲಬಹುದು ಎನ್ನುವುದು ನನಗೆ ಆಗ ಗೊತ್ತಿರಲಿಲ್ಲ.

2. ತಳಿ ಯಾವ ಕೆಲಸಕ್ಕೆ ಹುಟ್ಟಿದ್ದು, ಮೊದಲು ಕೇಳಿ

ಮುಧೋಳ ನಾಯಿಯ ಬಗ್ಗೆ ನಮಗೆ ಹೆಮ್ಮೆ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ, 2005ರಲ್ಲಿ ಅಂಚೆಚೀಟಿಯೂ ಬಂತು, ಸೇನೆಯೂ ತರಬೇತಿ ಕೊಟ್ಟಿತು. ನಾವು ಹೊಗಳುವ ಗುಣವೇನು? ದೂರದಲ್ಲಿ ಅಲುಗಿದ್ದನ್ನು ಕಂಡುಹಿಡಿಯುವ ಕಣ್ಣು, ಬಯಲಲ್ಲಿ ಮೊಲವನ್ನು ಓಡಿಸಿ ಹಿಡಿಯುವ ಕಾಲು. ಪಡಸಾಲೆಯಲ್ಲಿ ಬೆಳ್ಳಿಯನ್ನು ಕೊಂದದ್ದೂ ಅದೇ ಕಣ್ಣು, ಅದೇ ಕಾಲು.

ಬೀಗಲ್ ಕೂಡ ಮೊಲದ ಬೇಟೆಗೇ ಬೆಳೆಸಿದ ತಳಿ. ಡ್ಯಾಶ್‌ಹಂಡ್ ಬಿಲದೊಳಗೆ ನುಗ್ಗಿ ಹಿಡಿಯುವುದಕ್ಕೆ. ಟೆರಿಯರ್‌ಗಳು ಇಲಿ, ಹೆಗ್ಗಣಕ್ಕೆ. ಹೊಡೆದ ಹಕ್ಕಿಯನ್ನು ನೋಯಿಸದೆ ತರುವುದಕ್ಕೆ ಬೆಳೆಸಿದ ಲ್ಯಾಬ್ರಡಾರ್ ಸ್ವಲ್ಪ ಮೃದು ಬಾಯಿಯದು, ಆದರೂ ಅದರ ಬಾಯಿಯಲ್ಲಿ ಲವ್ ಬರ್ಡ್ ಉಳಿಯುವುದು ಕಷ್ಟ.

ನೋಡುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಡಹುವುದು: ಇದೊಂದು ಸರಣಿ. ಅದಕ್ಕೆ ಹಸಿವು ಬೇಕಿಲ್ಲ. ಹೊಟ್ಟೆ ತುಂಬಾ ಅನ್ನ ತಿಂದ ನಾಯಿಯೂ ಎದುರಿನದು ಓಡಿದ ಕ್ಷಣ ಅಟ್ಟುತ್ತದೆ. ಆದ್ದರಿಂದ "ನಮ್ಮ ನಾಯಿ ತುಂಬ ಸಾಧು" ಎನ್ನುವ ಮಾತು ಎದುರಿನ ಪ್ರಾಣಿ ಸುಮ್ಮನೆ ಕೂತಿರುವವರೆಗೆ ಮಾತ್ರ ನಿಜ.

3. ಬೆಕ್ಕಿನ ಹಲ್ಲು ಹಕ್ಕಿಗೆ ತಾಗಿದರೆ ಗಾಯ ಹುಡುಕುತ್ತ ಕೂರಬೇಡಿ

ಇದೊಂದನ್ನು ದಯವಿಟ್ಟು ನೆನಪಿಡಿ. ಬಹುಪಾಲು ಬೆಕ್ಕುಗಳ ಬಾಯಲ್ಲಿ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಬೆಕ್ಕಿಗೆ ಅದರಿಂದ ತೊಂದರೆಯಿಲ್ಲ. ಹಕ್ಕಿಯ ರಕ್ತಕ್ಕೆ ಸೇರಿದರೆ ಮೈಯೆಲ್ಲ ನಂಜಾಗಿ ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು. ಬೆಕ್ಕಿನ ಹಲ್ಲು ಸೂಜಿಯಂತೆ ತೆಳ್ಳಗೆ, ಅದು ಮಾಡಿದ ತೂತು ಗರಿಯ ಅಡಿಯಲ್ಲಿ ಕಾಣುವುದೇ ಇಲ್ಲ. ಸಂಜೆ ಹಾರಾಡಿದ ಹಕ್ಕಿ ಮಾರನೆಯ ಬೆಳಿಗ್ಗೆ ಗೂಡಿನ ತಳದಲ್ಲಿ ಬಿದ್ದಿರುವುದು ಹೀಗೆ.

ಬೆಕ್ಕು ಬಾಯಿ ಹಾಕಿತ್ತು ಎಂಬ ಅನುಮಾನ ಬಂದರೂ ಸಾಕು, ಅದೇ ದಿನ ವೈದ್ಯರಿಗೆ ತೋರಿಸಿ, "ಬೆಕ್ಕು ಹಿಡಿದಿತ್ತು" ಎಂದು ಬಾಯಿಬಿಟ್ಟು ಹೇಳಿ. ಆ್ಯಂಟಿಬಯೋಟಿಕ್ ಬೇಗ ಶುರುವಾದರೆ ಉಳಿಯುವ ಅವಕಾಶವಿದೆ. ಅರಿಸಿನ ಹಚ್ಚಿ ನಾಳೆ ನೋಡೋಣ ಅನ್ನಬೇಡಿ. ಕೊಕ್ಕು ಬಿಡಿಸಿ ನೀರು ಹಾಕಲೂ ಹೋಗಬೇಡಿ. ಗಾಳಿಯಾಡುವ ತೂತಿರುವ ರಟ್ಟಿನ ಡಬ್ಬದಲ್ಲಿ ಹತ್ತಿಬಟ್ಟೆ ಹಾಸಿ, ಕತ್ತಲು ಮಾಡಿ, ಬೆಚ್ಚಗೆ ಒಯ್ಯಿರಿ.

ಗೂಡನ್ನು ಎತ್ತರದಲ್ಲಿ ತೂಗುಹಾಕಿದರೆ ಸಾಕು ಅಂದುಕೊಂಡವರಲ್ಲಿ ನಾನೂ ಒಬ್ಬ. ಬೆಕ್ಕು ಕಪಾಟಿನ ಮೇಲಿಂದ ಹಾರುತ್ತದೆ, ಸರಳಿನ ನಡುವೆ ಪಂಜ ತೂರಿಸುತ್ತದೆ. ಅದು ಕೆಳಗೆ ಕೂತು ದಿಟ್ಟಿಸುತ್ತಿದ್ದರೂ ಹಕ್ಕಿಗೆ ನಿದ್ದೆ ಬಾರದು, ಕೆಲವು ಹಕ್ಕಿಗಳು ಆ ಒತ್ತಡಕ್ಕೆ ತಮ್ಮ ಗರಿಯನ್ನೇ ಕಿತ್ತುಕೊಳ್ಳುತ್ತವೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಹಕ್ಕಿಗೂ ಸಲ್ಲುತ್ತದೆ. ಹಕ್ಕಿಗೆ ಬೇಕಾದದ್ದು ಚಿಲಕವಿರುವ ಬಾಗಿಲಿನ ಬೇರೆ ಕೋಣೆ.

4. ಸಣ್ಣವು ಎಂದು ಒಂದೇ ಗೂಡಿಗೆ ಹಾಕಬೇಡಿ

ಪೆಟ್ ಅಂಗಡಿಗಳಲ್ಲಿ ಮೊಲ, ಗಿನಿಪಿಗ್ ಎರಡನ್ನೂ ಒಂದೇ ಪಂಜರದಲ್ಲಿ ಇಟ್ಟಿರುತ್ತಾರೆ, ನಾವೂ ಮನೆಗೆ ತಂದು ಹಾಗೇ ಇಡುತ್ತೇವೆ. ಮೊಲದ ಮೂಗಿನಲ್ಲಿ ಸದ್ದಿಲ್ಲದೆ ಇರುವ ಬೋರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ ಗಿನಿಪಿಗ್‌ಗೆ ನ್ಯುಮೋನಿಯಾ ತರಿಸಿ ಕೊಲ್ಲಬಲ್ಲದು. ನಾಯಿಯಿಂದಲೂ ಇದು ಬರುತ್ತದೆ. ಮೊಲದ ಹಿಂಗಾಲಿನ ಒದೆತಕ್ಕೆ ಗಿನಿಪಿಗ್‌ನ ಮೂಳೆ ಮುರಿಯಬಹುದು. ಊಟವೂ ಬೇರೆ. ಗಿನಿಪಿಗ್‌ನ ಮೈಯಲ್ಲಿ ನಮ್ಮ ಹಾಗೆಯೇ ವಿಟಮಿನ್ ಸಿ ತಯಾರಾಗುವುದಿಲ್ಲ, ದಿನವೂ ಆಹಾರದಲ್ಲೇ ಸಿಗಬೇಕು. ಮೊಲಕ್ಕೆ ಆ ಅಗತ್ಯವಿಲ್ಲ. ಮೊಲದ ತಿಂಡಿಯನ್ನೇ ತಿಂದು ಬೆಳೆದ ಗಿನಿಪಿಗ್ ಕೀಲು ಊದಿಕೊಂಡು ಕುಂಟತೊಡಗುತ್ತದೆ.

ಸಿರಿಯನ್ ಹ್ಯಾಮ್‌ಸ್ಟರ್ ತನ್ನದೇ ಜಾತಿಯ ಇನ್ನೊಂದನ್ನೂ ಸಹಿಸದು. ಅದಕ್ಕೆ ಒಂಟಿ ಮನೆ ಕೊಡಿ.

ಅಕ್ವೇರಿಯಂಗೂ ಇದೇ ಮಾತು. ಫ್ಲವರ್‌ಹಾರ್ನ್ ಒಂಟಿಯಾಗಿರಲಿ. ಗೋಲ್ಡ್‌ಫಿಷ್‌ಗೆ ತಣ್ಣನೆಯ ನೀರು, ಫೈಟರ್‌ಗೆ ಬೆಚ್ಚನೆಯದು. ಆಮೆ ಮರಿಯನ್ನು ಮೀನಿನ ಜೊತೆ ಬಿಟ್ಟರೆ ಮೀನು ಅದಕ್ಕೆ ಊಟ. ತೊಟ್ಟಿಗೆ ಗಟ್ಟಿ ಮುಚ್ಚಳವಿರಲಿ, ಬೆಕ್ಕಿನ ಕಾರಣಕ್ಕೆ.

5. ನಾಯಿಯ ಔಷಧಿ ಬೆಕ್ಕಿಗೆ ವಿಷ

ಕಚ್ಚಾಟಕ್ಕಿಂತ ನನಗೆ ಹೆಚ್ಚು ಭಯ ಇದರದು, ಏಕೆಂದರೆ ಇಲ್ಲಿ ಕೊಲ್ಲುವುದು ನಮ್ಮ ಕೈ.

ನಾಯಿಯ ಉಣ್ಣೆ, ಚಿಗಟಕ್ಕೆ ಬೆನ್ನ ಮೇಲೆ ಹಾಕುವ ಕೆಲವು ತೊಟ್ಟುಮದ್ದುಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ನಾಯಿಯ ಯಕೃತ್ತು ಅದನ್ನು ಒಡೆದು ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿಗೆ ಆ ಶಕ್ತಿ ತೀರಾ ಕಡಿಮೆ. ಕೆಲವೇ ಗಂಟೆಗಳಲ್ಲಿ ಮೈ ನಡುಕ, ಆಮೇಲೆ ಫಿಟ್ಸ್, ಆಮೇಲೆ ಸಾವು. ಬೆಕ್ಕಿಗೆ ನೇರ ಹಾಕಬೇಕೆಂದೂ ಇಲ್ಲ, ಮದ್ದು ಹಾಕಿದ ನಾಯಿಗೆ ಒತ್ತಿಕೊಂಡು ಮಲಗಿದರೆ, ಅದರ ಮೈ ನೆಕ್ಕಿದರೆ ಸಾಕು. ಇಲ್ಲಿ ಪ್ರೀತಿಯೇ ಅಪಾಯ: ಹೆಚ್ಚು ಗೆಳೆತನವಿರುವ ನಾಯಿ-ಬೆಕ್ಕುಗಳಲ್ಲೇ ಇದು ಹೆಚ್ಚು ನಡೆಯಬಹುದಾದದ್ದು.

ಅದಕ್ಕೇ ನಾಲ್ಕು ಕೆಲಸ ಮಾಡಿ. ಮದ್ದು ಕೊಳ್ಳುವಾಗ "ಮನೆಯಲ್ಲಿ ಬೆಕ್ಕೂ ಇದೆ" ಎಂದು ಹೇಳಿ. ದೊಡ್ಡ ನಾಯಿಯ ಡೋಸನ್ನು ಅರ್ಧ ಮಾಡಿ ಬೆಕ್ಕಿಗೆ ಹಾಕುವ ಉಳಿತಾಯ ಬೇಡ. ಪರ್ಮೆಥ್ರಿನ್ ಹಾಕಲೇಬೇಕಾದರೆ ಮೂರು ದಿನ ನಾಯಿ-ಬೆಕ್ಕನ್ನು ಬೇರೆ ಇಡಿ. ಬೆಕ್ಕಿನ ಮೈಗೆ ತಾಗಿದೆ ಎಂದು ಗೊತ್ತಾದರೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಸೋಪಿನಲ್ಲಿ ತೊಳೆದು, ಟವೆಲ್ಲಿನಲ್ಲಿ ಸುತ್ತಿ ಆಸ್ಪತ್ರೆಗೆ ಓಡಿ. ಮದ್ದಿನ ಪೊಟ್ಟಣ ಜೊತೆಗಿರಲಿ.

ನೀರಲ್ಲಿ ಕಲಸಿ ನಾಯಿಯ ಮೈಗೆ ಸವರುವ ಅಮಿಟ್ರಾಜ್ ಕೂಡ ಬೆಕ್ಕಿಗೆ ಆಗದು. ನಾಯಿ-ಬೆಕ್ಕು ಎರಡಕ್ಕೂ ಬಳಸುವ ಫಿಪ್ರೊನಿಲ್ ಮೊಲಕ್ಕೆ ಪ್ರಾಣಾಂತಿಕ. ಇನ್ನು ಉಣ್ಣೆಯ ಸ್ಪ್ರೇ, ಸೊಳ್ಳೆಯ ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್‌ಗಳು ಮೀನಿಗೆ ಅತಿ ವಿಷ. ಅಕ್ವೇರಿಯಂ ಇರುವ ಕೋಣೆಯಲ್ಲಿ ಹೊಡೆದರೆ ಗಾಳಿಯ ಪಂಪು ಆ ಹನಿಯನ್ನು ಎಳೆದು ನೀರಿಗೇ ಬಿಡುತ್ತದೆ. ಸ್ಪ್ರೇ ಮಾಡುವುದಾದರೆ ಮನೆಯ ಹೊರಗೆ ಮಾಡಿ.

6. ತಟ್ಟೆ ಬೇರೆ, ಜಾಗ ಬೇರೆ, ಹೊತ್ತು ಒಂದೇ

ಬೆಕ್ಕು ಶುದ್ಧ ಮಾಂಸಾಹಾರಿ. ಟಾರಿನ್ ಎಂಬ ಅಂಶ ಆಹಾರದಲ್ಲಿ ಸಾಕಷ್ಟು ಸಿಗದಿದ್ದರೆ ಅದರ ಹೃದಯದ ಸ್ನಾಯು ಸೊರಗುತ್ತದೆ, ಕಣ್ಣು ಹೋಗುತ್ತದೆ. 1987ರಲ್ಲಿ ಅಮೆರಿಕದ ಸಂಶೋಧಕರು ಈ ಹೃದ್ರೋಗಕ್ಕೂ ಟಾರಿನ್ ಕೊರತೆಗೂ ಇರುವ ನಂಟನ್ನು ತೋರಿಸಿದ ಮೇಲೆ ಬೆಕ್ಕಿನ ಆಹಾರದಲ್ಲಿ ಅದನ್ನು ಹೆಚ್ಚಿಸಿದರು. ನಾಯಿಯ ಆಹಾರದಲ್ಲಿ ಅಷ್ಟು ಇರಬೇಕೆಂದಿಲ್ಲ. ನಾಯಿಯ ತಟ್ಟೆಯಲ್ಲೇ ತಿಂದು ಬೆಳೆದ ಬೆಕ್ಕು ಹೊರಗೆ ದುಂಡಗಿದ್ದರೂ ಒಳಗೆ ಸವೆಯುತ್ತಿರಬಹುದು. ಬೆಕ್ಕಿನ ಕೊಬ್ಬಿನ ಊಟ ಕದಿಯುವ ನಾಯಿಗೂ ಬೊಜ್ಜು, ಹೊಟ್ಟೆನೋವು.

ಎಲ್ಲರಿಗೂ ಒಂದೇ ಹೊತ್ತಿಗೆ ಬೇರೆ ಬೇರೆ ಕೋಣೆಯಲ್ಲಿ ಹಾಕಿ, ಇಪ್ಪತ್ತು ನಿಮಿಷಕ್ಕೆ ತಟ್ಟೆ ಎತ್ತಿ. ಊಟದ ಮುಂದೆ ಗುರ್ ಅನ್ನುವ ನಾಯಿಯನ್ನು ಬಯ್ಯಬೇಡಿ, ಅದರ ಹತ್ತಿರ ಬೆಕ್ಕು ಹೋಗದಂತೆ ನೋಡಿಕೊಳ್ಳಿ. ಬೆಕ್ಕಿನ ಲಿಟರ್ ಟ್ರೇ ಕೂಡ ನಾಯಿಯ ಬಾಯಿಗೆ ಸಿಗದ ಕಡೆ ಇರಲಿ.

7. ಎರಡೂ ಬಾಲ ಆಡಿಸುತ್ತವೆ, ಅರ್ಥ ಒಂದೇ ಅಲ್ಲ

ನಾಯಿ ಬಾಲ ಆಡಿಸಿದರೆ ಹೆಚ್ಚಾಗಿ ಉತ್ಸಾಹ. ಬೆಕ್ಕು ಬಾಲ ಬೀಸಿದರೆ ಸಿಟ್ಟು. ನಾಯಿ ಪಂಜ ಎತ್ತುವುದು ಆಡೋಣ ಬಾ ಅನ್ನುವುದಕ್ಕೆ, ಬೆಕ್ಕು ಎತ್ತುವುದು ಹೊಡೆಯುವುದಕ್ಕೆ. ಪರಿಚಯವಿಲ್ಲದ ನಾಯಿ ಓಡಿಬಂದು ಮೂಸುವುದು ಅದರ ಲೆಕ್ಕದಲ್ಲಿ ಮರ್ಯಾದೆ, ಬೆಕ್ಕಿನ ಲೆಕ್ಕದಲ್ಲಿ ದಾಳಿ. ಬೆಕ್ಕಿನ ಉಗುರು ತಾಗಿ ನಾಯಿಯ ಕಣ್ಣಿನ ಪಾಪೆಗೆ ಗಾಯವಾಗುವುದು ಅಪರೂಪವಲ್ಲ. ಪಗ್‌ನಂತಹ ಉಬ್ಬುಗಣ್ಣಿನ ನಾಯಿ ಸಾಕಿದವರಿಗೆ ಈ ಎಚ್ಚರ ಹೆಚ್ಚು ಬೇಕು.

ಬಾಲಕ್ಕಿಂತ ಕಣ್ಣು ನೋಡಿ. ನಾಯಿ ಬಾಯಿ ಮುಚ್ಚಿ, ಮೈ ಸೆಟೆದು, ರೆಪ್ಪೆ ಬಡಿಯದೆ ಒಂದೇ ಕಡೆ ದಿಟ್ಟಿಸುತ್ತಿದ್ದರೆ, ಹೆಸರು ಕರೆದರೂ ತಿರುಗದಿದ್ದರೆ, ಅದರ ತಲೆಯಲ್ಲಿ ಆಟವಿಲ್ಲ. ಅಲ್ಲಿಂದ ಕರೆದೊಯ್ಯಿರಿ.

8. ಪರಿಚಯಕ್ಕೆ ವಾರಗಟ್ಟಲೆ ಹೊತ್ತು ಕೊಡಿ

ಹೊಸ ಬೆಕ್ಕನ್ನು ತಂದ ದಿನವೇ ನಾಯಿಯ ಮೂಗಿನ ಮುಂದೆ ಹಿಡಿಯುವುದು ನಮ್ಮಲ್ಲಿ ಸಾಮಾನ್ಯ. ಆ ಒಂದು ನಿಮಿಷದ ಭಯವನ್ನು ಬೆಕ್ಕು ವರ್ಷಗಟ್ಟಲೆ ಮರೆಯದು. ಮೊದಲ ವಾರ ವಾಸನೆ ಮಾತ್ರ: ಒಂದರ ಹಾಸಿಗೆಯ ಬಟ್ಟೆಯನ್ನು ಇನ್ನೊಂದರ ಹತ್ತಿರ ಇಡಿ. ಆಮೇಲೆ ಮುಚ್ಚಿದ ಬಾಗಿಲಿನ ಆಚೆ-ಈಚೆ ಊಟ. ಆಮೇಲೆ ಜಾಲರಿ ಬಾಗಿಲಿನ ಮೂಲಕ ನೋಟ. ಕೊನೆಗೆ ನಾಯಿಗೆ ಲೀಶ್ ಕಟ್ಟಿ, ಬೆಕ್ಕನ್ನು ಬಿಟ್ಟು, ಐದೈದು ನಿಮಿಷ. ಯಾವ ಹಂತದಲ್ಲಿ ಬೆಕ್ಕು ಊಟ ಬಿಟ್ಟಿತೋ ಅಲ್ಲಿಂದ ಒಂದು ಹೆಜ್ಜೆ ಹಿಂದೆ ಬನ್ನಿ.

ಬೆಕ್ಕಿನ ಮರಿ ಎರಡರಿಂದ ಏಳು ವಾರದೊಳಗೆ, ನಾಯಿಮರಿ ಮೂರರಿಂದ ಸುಮಾರು ಹನ್ನೆರಡು ವಾರದೊಳಗೆ ಕಂಡದ್ದನ್ನು ತಮ್ಮ ಲೋಕದ ಭಾಗವೆಂದು ಒಪ್ಪುತ್ತವೆ. ಒಟ್ಟಿಗೆ ಬೆಳೆದ ನಾಯಿ-ಬೆಕ್ಕು ನಿಜಕ್ಕೂ ಹೊಂದಿಕೊಳ್ಳುವುದುಂಟು. ನಾಯಿ-ಮೊಲ, ಬೆಕ್ಕು-ಹಕ್ಕಿಯ ವಿಷಯದಲ್ಲಿ ನಾನು ಆ ಭರವಸೆ ಕೊಡಲಾರೆ. ಅವುಗಳ ನಡುವೆ ಜಾಲರಿ ಕೊನೆಯವರೆಗೂ ಇರಲಿ.

ಬೆಕ್ಕಿಗೆ ನಾಯಿ ಏರಲಾಗದ ಎತ್ತರ ಕೊಡಿ. ಗೋಡೆಗೆ ಹೊಡೆದ ಎರಡು ಹಲಗೆ, ಅಟ್ಟದ ಅಂಚು, ಫ್ರಿಜ್ಜಿನ ತಲೆ, ಏನಾದರೂ ಸರಿ.

9. ಹೊಸಬರು ಎರಡು ವಾರ ಬೇರೆ ಕೋಣೆಯಲ್ಲಿರಲಿ

ಬೀದಿಯಿಂದ ಎತ್ತಿ ತಂದ ಮರಿಯ ಜೊತೆ ಹುಳುಕಡ್ಡಿಯೂ ಬರುತ್ತದೆ, ಅದು ಬೆಕ್ಕು, ನಾಯಿ, ಮೊಲ, ಮಕ್ಕಳು ಎಂಬ ಭೇದ ಮಾಡದು. ಬೆಕ್ಕಿನ ಚಿಗಟವೇ ನಾಯಿಗೂ ಹತ್ತುತ್ತದೆ, ಆ ಚಿಗಟವನ್ನು ನುಂಗಿದ ಪ್ರಾಣಿಯ ಹೊಟ್ಟೆಯಲ್ಲಿ ಲಾಡಿಹುಳು ಬೆಳೆಯುತ್ತದೆ. ಹೊಸ ಹಕ್ಕಿಯನ್ನಾದರೆ ಮೂವತ್ತರಿಂದ ನಲವತ್ತೈದು ದಿನ ಹಳೆಯ ಹಕ್ಕಿಗಳಿಂದ ದೂರವಿಡಿ. ಗಿಳಿಜಾತಿಯ ಹಕ್ಕಿಗಳಿಂದ ಮನುಷ್ಯರಿಗೂ ಶ್ವಾಸಕೋಶದ ಸೋಂಕು ಬರಬಲ್ಲದು.

ವೈರಸ್‌ಗಳೂ ಬೇಲಿ ದಾಟುತ್ತವೆ. 1970ರ ದಶಕದ ಕೊನೆಗೆ ಜಗತ್ತಿನಾದ್ಯಂತ ನಾಯಿಮರಿಗಳನ್ನು ಕೊಂದ ಪಾರ್ವೊ, ಬೆಕ್ಕಿನ ಪ್ಯಾನ್‌ಲ್ಯುಕೊಪೀನಿಯಾ ವೈರಸ್ಸಿನ ಹತ್ತಿರದ ನೆಂಟ. ಅದರ ಈಗಿನ ಬಗೆಗಳು ಬೆಕ್ಕಿಗೂ ತಗಲಬಲ್ಲವು. ನಾಯಿಗಳ ಡಿಸ್ಟೆಂಪರ್ 1994ರಲ್ಲಿ ಸೆರೆಂಗೆಟಿಯ ಸಿಂಹಗಳಲ್ಲಿ ಸುಮಾರು ಮೂರನೇ ಒಂದರಷ್ಟನ್ನು ಬಲಿ ತೆಗೆದುಕೊಂಡಿತು. 2018ರಲ್ಲಿ ಗಿರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಅದೇ ವೈರಸ್ ಪತ್ತೆಯಾಯಿತು. ನಿಮ್ಮ ನಾಯಿಗೆ ಹಾಕಿಸುವ ವರ್ಷದ ಲಸಿಕೆ ನಾಯಿಯನ್ನಷ್ಟೇ ಕಾಯುವುದಿಲ್ಲ, ಕಾಡಿನಂಚಿನ ಊರವರು ಇದನ್ನು ಮರೆಯಬಾರದು. ರೇಬೀಸ್ ಲಸಿಕೆ ಮನೆಯಿಂದ ಹೊರಗೆ ಕಾಲಿಡದ ಬೆಕ್ಕಿಗೂ ಬೇಕು.

10. ಕೊಟ್ಟಿಗೆ ಇರುವ ಮನೆಯವರಿಗೆ

ನನ್ನ ಅಕ್ಕನ ಮನೆ ತೀರ್ಥಹಳ್ಳಿ ಕಡೆ. ಅಲ್ಲಿ ಹಸು, ಕೋಳಿ, ನಾಯಿ, ಬೆಕ್ಕು ಎಲ್ಲವೂ ಒಂದೇ ಅಂಗಳದಲ್ಲಿ. ನಾಯಿಯ ಮಲ ಹುಲ್ಲಿನ ಬಣವೆಗೆ, ಹಿಂಡಿಯ ಬಾನಿಗೆ ಸೇರಿದರೆ ನಿಯೋಸ್ಪೊರಾ ಎಂಬ ಪರಾವಲಂಬಿ ಹಸುವಿನ ಹೊಟ್ಟೆ ಸೇರಿ ಗರ್ಭ ಕಳೆಯಬಲ್ಲದು. ಬೆಕ್ಕಿನ ಮಲದಲ್ಲಿರುವ ಟೊಕ್ಸೊಪ್ಲಾಸ್ಮಾ ಕುರಿ-ಮೇಕೆಗಳಿಗೆ ಹೀಗೆಯೇ ಮಾಡುತ್ತದೆ. ಹಿಂಡಿ ಮುಚ್ಚಿಡಿ, ಹುಲ್ಲಿನ ಮೇಲೆ ನಾಯಿ-ಬೆಕ್ಕು ಮಲಗದಂತೆ ನೋಡಿಕೊಳ್ಳಿ. ಹಸು ಕಂದು ಹಾಕಿದರೆ ಆ ಕಸವನ್ನು ನಾಯಿಗೆ ಬಿಡದೆ ಆಳವಾಗಿ ಹೂಳಿ, ಏಕೆಂದರೆ ಅದನ್ನು ತಿಂದ ನಾಯಿಯಿಂದಲೇ ನಿಯೋಸ್ಪೊರಾದ ಸುತ್ತು ಮತ್ತೆ ಶುರು.

ಕೋಳಿಗಳು ಸಾಲಾಗಿ ಸಾಯುತ್ತಿದ್ದರೆ ಬೆಕ್ಕನ್ನು ಒಳಗೆ ಕೂಡಿ, ಸತ್ತ ಕೋಳಿಯನ್ನು ಅದಕ್ಕೆ ಹಾಕಬೇಡಿ. ಹಕ್ಕಿಜ್ವರದ ಎಚ್5ಎನ್1 ವೈರಸ್ 2023ರಲ್ಲಿ ಪೋಲೆಂಡಿನ ಸಾಕುಬೆಕ್ಕುಗಳನ್ನು ಕೊಂದಿತು. 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದ ಬೆಕ್ಕುಗಳಲ್ಲೂ ಕಾಣಿಸಿತು.

11. ಕಚ್ಚಾಟದ ನಡುವೆ ಕೈ ಹಾಕಬೇಡಿ

ದಪ್ಪ ಕಂಬಳಿ ಎಸೆಯಿರಿ, ನೀರು ಸುರಿಯಿರಿ, ಪಾತ್ರೆ ಬಡಿಯಿರಿ, ನಡುವೆ ಮಣೆ ತೂರಿಸಿ. ನಿಮಗೆ ಹಲ್ಲು ತಾಗಿದರೆ ಹರಿಯುವ ನೀರಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಸಾಕಿದ ಪ್ರಾಣಿಯೇ ಎಂಬ ಸಲುಗೆ ಇಲ್ಲಿ ಬೇಡ.

12. ನೀವಿಲ್ಲದಾಗ ಎಲ್ಲ ಬಾಗಿಲೂ ಹಾಕಿರಲಿ

ತರಕಾರಿಗೆ ಹೋಗಿ ಬರುವ ಹತ್ತು ನಿಮಿಷವಾದರೂ ಸರಿ. ಮನೆಗೆ ನೆಂಟರು ಬಂದಾಗ, ಮಕ್ಕಳು ಬಾಗಿಲು ತೆಗೆದಿಡುವ ಸಂಜೆಗಳಲ್ಲಿ, ಗುಡುಗಿನ ರಾತ್ರಿಯಲ್ಲಿ ಎಚ್ಚರ ಹೆಚ್ಚಿರಲಿ. ಹಬ್ಬದ ದಿನಗಳಲ್ಲಿ ಇನ್ನೂ ಹೆಚ್ಚು.

ನಮ್ಮ ಮನೆಯಲ್ಲಿ ದೀಪಾವಳಿಯ ಮೂರೂ ದಿನ ಸಂಜೆ ಐದಕ್ಕೇ ಕೆಲಸ ಶುರು. ಹಕ್ಕಿಗಳ ಗೂಡು ಒಳಗಿನ ಉಗ್ರಾಣಕ್ಕೆ ಹೋಗುತ್ತದೆ, ಅದರ ಮೇಲೆ ಅಮ್ಮನ ಹಳೆಯ ಹತ್ತಿ ಸೀರೆ. ಬೆಕ್ಕುಗಳು ಮಲಗುವ ಕೋಣೆಯಲ್ಲಿ, ಕಿಟಕಿ ಮುಚ್ಚಿ. ಎರಡೂ ಬಾಗಿಲಿನ ಚಿಲಕವನ್ನು ನಾನೇ ಎಳೆದು ನೋಡುತ್ತೇನೆ. ಕೆಂಚನ ಮುಖ ಈಗ ನರೆತಿದೆ, ಮೊದಲಿನ ಹಾಗೆ ಓಡಲಾರ. ಆದರೂ ಲೀಶಿನ ಒಂದು ತುದಿ ನನ್ನ ಮಣಿಕಟ್ಟಿಗೆ ಸುತ್ತಿರುತ್ತದೆ. ಹೊರಗೆ ಪಟಾಕಿ ಸಿಡಿದಾಗಲೆಲ್ಲ ಅವನು ತಲೆ ಎತ್ತುತ್ತಾನೆ. ನಾನು ಅವನ ಕಿವಿಯ ಹಿಂದೆ ಕೈ ಇಟ್ಟುಕೊಂಡು ಕೂತಿರುತ್ತೇನೆ, ಬೀದಿ ಪೂರ್ತಿ ತಣ್ಣಗಾಗುವವರೆಗೆ.